ಬೀಜದ ಮನೆಯ ಕಂಡಕ್ಟರ್ ಕಾಕಾ

ಅವರ ಮುಂದಿನ ಎರಡು ಹಲ್ಲುಗಳ ಅಂಚು ಸವೆದು, ನಡುವೆ ಒಂದು ಭತ್ತದ ಕಾಳು ಕೂರುವಷ್ಟು ಕಚ್ಚು ಬಿದ್ದಿತ್ತು. ಯಾರೇ ಬೀಜ ತಂದರೂ ಒಂದು ಕಾಳನ್ನು ಅಲ್ಲಿಟ್ಟು ಕಡಿಯುತ್ತಿದ್ದರು. ಟಕ್ ಎಂದು ಮುರಿದರೆ ಚೀಲ ಒಳಗೆ. ಮೆತ್ತಗೆ ಚಪ್ಪಟೆಯಾದರೆ, "ಇನ್ನ ಎರಡು ದಿನ ಬಿಸಲಿಗೆ ಹಾಕ್ಕೊಂಡು ಬರ್ರಿ" ಎಂದು ವಾಪಸ್ ಕಳಿಸುತ್ತಿದ್ದರು.

ಊರಿಗೆಲ್ಲ ಅವರು ಕಂಡಕ್ಟರ್ ಕಾಕಾ. ಬಳ್ಳಾರಿ–ಸಿರುಗುಪ್ಪ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಲೇ, ದಾರಿಯ ಊರುಗಳ ರೈತರಿಂದ ಒಂದೊಂದು ಹಿಡಿ ಹಳೆಯ ಬೀಜ ಕೇಳಿ ತರುತ್ತಿದ್ದರಂತೆ. ನಿವೃತ್ತರಾದ ಮೇಲೆ ಕುರುಗೋಡಿನ ಹತ್ತಿರದ ತಮ್ಮ ಹಳ್ಳಿಯಲ್ಲಿ ಸಣ್ಣ ರೈತರ ಸಂಘ ಕಟ್ಟಿ ಬೀಜ ಬ್ಯಾಂಕ್ ಮಾಡಿದರು; ಊರವರ ಬಾಯಲ್ಲಿ ಅದು ಬೀಜದ ಮನೆ. ಒಂದು ಸೇರು ಒಯ್ದವರು ಬೆಳೆ ಬಂದ ಮೇಲೆ ಎರಡು ಸೇರು ತಂದಿಡಬೇಕು, ಅಷ್ಟೇ ನಿಯಮ. ಬಿತ್ತನೆಯ ಹೊತ್ತಿಗೆ ಜನ ಬಾಗಿಲಲ್ಲಿ ಗುಂಪುಗೂಡಿದರೆ, "ಒಳಗ ನಡ್ರಿ, ಹಿಂದ ಇದ್ದೋರಿಗೆ ಜಾಗ ಬಿಡ್ರಿ" ಎಂಬ ಅವರ ಬಸ್ಸಿನ ದನಿ ಕೇಳಿ ಎಲ್ಲರೂ ನಗುತ್ತಿದ್ದರು. ನಾನು ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ದಿನವೂ ಹೋಗಿ ಅಲ್ಲಿಯ ಕೆಲಸ ನೋಡಿಕೊಳ್ಳುತ್ತಿದ್ದೆ.

ಅಲ್ಲಿದ್ದ ಬೀಜಗಳಲ್ಲೆಲ್ಲ ಬೇಡಿಕೆ ಇದ್ದದ್ದು ಒಂದು ಕೆಂಪು ಭತ್ತಕ್ಕೆ. ಕಾಲುವೆಯ ಕೊನೆಯ ಹೊಲಗಳಿಗೆ ಈಗೀಗ ನೀರು ಸರಿಯಾಗಿ ತಲುಪುವುದಿಲ್ಲ. ನೆಲದ ಮೇಲೆ ಉಪ್ಪು ಬೆಳ್ಳಗೆ ಕಾಣುತ್ತದೆ. ಅಂಗಡಿಯಿಂದ ತಂದ ಬೀಜದ ಸಸಿ ಆ ಸವಳು ನೆಲದಲ್ಲಿ ಹಳದಿಯಾಗಿ ಒಣಗುತ್ತಿತ್ತು. ಕೆಂಪು ಭತ್ತ ಮಾತ್ರ ನಿಲ್ಲುತ್ತಿತ್ತು.

ಆ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಿತು. ಒಂದು ಸಂಜೆ ಐದಾರು ರೈತರು ಕೆಂಪು ಭತ್ತ ವಾಪಸ್ ಮಾಡಲು ಬಂದರು. ಕಾಕಾ ಸಿರುಗುಪ್ಪಕ್ಕೆ ಹೋಗಿದ್ದರು. ನನಗೆ ಬಸ್ಸಿನ ಅವಸರ. ಅವರು ಚೀಲ ಇಳಿಸಿ ಹೋದ ಮೇಲೆ, ಒಂದೂ ಕಾಳು ಕಡಿದು ನೋಡದೆ, ಹಳೆಯ ಬೀಜವಿದ್ದ ಡ್ರಮ್ಮಿಗೇ ಎಲ್ಲವನ್ನೂ ಸುರಿದು ಮುಚ್ಚಳ ಬಿಗಿದೆ.

ಮುಂದಿನ ಬಿತ್ತನೆಗೆ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಕೈ ಹಾಕಿದರೆ ಭತ್ತ ಕಪ್ಪಗೆ ಗಂಟುಗಂಟಾಗಿತ್ತು. ಕಾಕಾ ತಳದವರೆಗೂ ಕೈಯಾಡಿಸಿದರು. ನನ್ನ ಮುಖ ನೋಡಿದರು. ಮೆಲ್ಲಗೆ ಮುಚ್ಚಳ ಮುಚ್ಚಿದರು.

ಮರುದಿನ ಸದಸ್ಯರೆಲ್ಲ ಸೇರಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಎದ್ದು ನಿಂತರು.

"ತಪ್ಪು ನಂದ. ಹಸಿ ಐತೋ ಒಣಗೇತೋ ನೋಡಲಾರ್ದ ಡ್ರಮ್ ತುಂಬಿಬಿಟ್ಟೆ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮೂಲೆಯಲ್ಲಿದ್ದ ಒಬ್ಬ ರೈತ ಸಿಟ್ಟಿನಿಂದ, "ಟಿಕೆಟ್ ಹರಿಯೋರ ಕೈಯಾಗ ಬೀಜ ಕೊಟ್ಟಿದ್ದ ನಮ್ಮ ತಪ್ಪು. ಈ ಸಲ ನನ್ನ ಹೊಲಕ್ಕ ಏನ ಹಾಕ್ಲಿ?" ಎಂದ. ಕಾಕಾ ಉಡಿದಾರಕ್ಕೆ ಕಟ್ಟಿದ್ದ ಬೀಜದ ಮನೆಯ ಬೀಗದಕೈ ಬಿಚ್ಚಿ ಚಾಪೆಯ ಮೇಲಿಟ್ಟರು. ಸಂಘದ ಅಧ್ಯಕ್ಷೆಯಾಗಿದ್ದ ಹಿರಿಯ ಹೆಂಗಸು ಅದನ್ನೆತ್ತಿ ನನ್ನ ಕೈಗೆ ಕೊಟ್ಟಳು. "ಸದ್ಯ ನೀನ ಇಟ್ಕೋ ಯವ್ವಾ." ನಾನು ಇಟ್ಟುಕೊಂಡೆ.

ಮರುದಿನದಿಂದ ಕಾಕಾ ಸಿರುಗುಪ್ಪದ ಕಡೆಯ ಊರೂರು ತಿರುಗಿದರು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರುವ ಅಭ್ಯಾಸವಿರಲಿಲ್ಲ. ಆ ವಯಸ್ಸಿನಲ್ಲೂ ಬಾಗಿಲ ಹತ್ತಿರ ಕಂಬಿಗೆ ಒರಗಿ ನಿಂತೇ ಹೋಗುತ್ತಿದ್ದರು. ಎಂಟನೆಯ ದಿನ ಒಂದು ಸಣ್ಣ ಗಂಟು ತಂದು ನನ್ನ ಮುಂದೆ ಬಿಚ್ಚಿದರು. ಎರಡು ಬೊಗಸೆ ಕೆಂಪು ಭತ್ತ.

"ಒಬ್ಬ ಮುದುಕಿ ತೆನಿ ಕಟ್ಟಿ ಜಂತಿಗೆ ತೂಗು ಹಾಕಿದ್ಲು. ಇಷ್ಟ ಸಿಕ್ತು. ಕಡದು ನೋಡು."

ನಾನು ಒಂದು ಕಾಳು ಬಾಯಿಗಿಟ್ಟೆ. ಟಕ್ ಎಂದಿತು.

"ಕಾಕಾ, ಆವತ್ತು ನೀವು ಯಾಕ…"

"ಮೊದ್ಲು ಸಸಿಮಡಿಗೆ ಹಾಕಾಕ ಕೊಟ್ಟ ಬಾ," ಎಂದು ಎದ್ದು ಹೋದರು. ನಾನು ಮತ್ತೆ ಆ ಮಾತು ತೆಗೆಯಲಿಲ್ಲ. ತೆಗೆಯದಿದ್ದರೆ ಒಳ್ಳೆಯದೆಂದು ಮನಸ್ಸು ಹೇಳುತ್ತಿತ್ತು.

ಸಸಿ ಗೇಣುದ್ದ ಆಗಿದ್ದಾಗ, ಒಂದು ಬೆಳಿಗ್ಗೆ ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ನನಗೆ ಫೋನ್ ಬಂತು. ಅಧ್ಯಕ್ಷೆ. "ಕಾಕಾ ಹೋದ್ರವ್ವಾ. ಚಾ ಕುಡದು ಕುಂತಿದ್ರು, ಹಂಗ ಒರಗಿಬಿಟ್ರು." ಯಾವಾಗ ಬಸ್ ಹತ್ತಿದೆನೋ ತಿಳಿಯದು. ಬಸ್ಸಿನ ಕಂಡಕ್ಟರ್ ಉಚಿತ ಟಿಕೆಟ್ಟಿಗೆ ಆಧಾರ್ ಕಾರ್ಡ್ ತೋರಿಸಲು ಮೂರು ಸಲ ಕೇಳಿದನಂತೆ. ಪಕ್ಕದಲ್ಲಿ ಕೂತಿದ್ದಾಕೆ ಭುಜ ಅಲುಗಿಸಿದಾಗ ಬಸ್ಸು ಕೊಳಗಲ್ಲು ದಾಟಿತ್ತು.

ಮೂರನೆಯ ದಿನ ಎಲ್ಲರೂ ಬೀಜದ ಮನೆಯಲ್ಲಿ ಸೇರಿದ್ದಾಗ ನಾನು ಎದ್ದು ನಿಂತು ಹೇಳಿದೆ: ಆ ಡ್ರಮ್ ತುಂಬಿದ್ದು ನಾನು. ಆವತ್ತು ಸಿಟ್ಟಾಗಿದ್ದ ರೈತ ತಲೆ ತಗ್ಗಿಸಿ ಕೂತ. ಅಧ್ಯಕ್ಷೆ ಮಾತ್ರ ಕದಲಲಿಲ್ಲ.

"ನನಗ ಗೊತ್ತಿತ್ತು," ಎಂದಳು. "ಆ ದಿನ ಅವ್ರು ನಮ್ಮನಿಯವ್ರ ಜೋಡಿ ಸಿರಗುಪ್ಪಾದಾಗ ಇದ್ರು."

"ಮತ್ತ ನನ್ನ ಕೈಗೆ ಬೀಗದಕೈ ಯಾಕ ಕೊಟ್ರಿ?"

"ಹಿಂದಿನ ದಿನನ ಅವ್ರ ಹೇಳಿದ್ರು. ಈಗ ಬೈದ್ರ ಹುಡುಗಿ ಓಡಿ ಹೋಗ್ತಾಳ, ಇನ್ನೊಮ್ಮೆ ಬೀಜ ಮುಟ್ಟಂಗಿಲ್ಲ. ತಾನ ಬಂದು ಹೇಳ್ತಾಳ, ಅಲ್ಲೀತನಕ ನೀವೂ ಏನೂ ಕೇಳಬ್ಯಾಡ್ರಿ ಅಂದ್ರು."

ಆ ಎರಡು ಬೊಗಸೆಯಿಂದ ಬಂದ ಭತ್ತವನ್ನು ಆ ವರ್ಷ ಯಾರೂ ಉಣ್ಣಲಿಲ್ಲ. ಮೂರು ಬೆಳೆ ಬರೀ ಬೀಜಕ್ಕೇ ಇಟ್ಟೆವು. ಈಗ ಕಾಲುವೆಯ ಕೊನೆಯ ಹೊಲಗಳಲ್ಲಿ ಮತ್ತೆ ಕೆಂಪು ತೆನೆ ಬಾಗುತ್ತಿದೆ. ನಾನೇ ಬಂದು ನಿಜ ಹೇಳುತ್ತೇನೆಂದು ಕಾಕಾ ಒಂದು ತಿಂಗಳು ಕಾದರು. ಅಷ್ಟೂ ದಿನ ಬೆಳಿಗ್ಗೆ ಸಂಜೆ ಅವರ ಮನೆಯ ಮುಂದೆಯೇ ಹಾದು ಹೋಗುತ್ತಿದ್ದೆ.