ಆಯ್ಕೆಯಾಗದೆ ಉಳಿದ ಶಕ್ತಿ

ತೊಂಬತ್ತರ ದಶಕದ ಕೊನೆಯಲ್ಲಿ ಪಾಂಡವಪುರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನನ್ನೊಡನೆ ಕಲಿಯುತ್ತಿದ್ದ ಅಕ್ಕಸಾಲಿಗರೊಬ್ಬರ ಕುರಿತು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ. ಸದರಿಯವರು ಕೀಲಿಮಣೆಯ ಯಾವುದೇ ಕೀಲಿಯನ್ನು ಒತ್ತುವ ಮುನ್ನ, ತೂಕಕ್ಕೆ ಮೊದಲು ತಕ್ಕಡಿಯ ಧೂಳನ್ನು ಊದುವಂತೆ, ಅದನ್ನೊಮ್ಮೆ ಊದುತ್ತಿದ್ದರು.

ಪಾಠ ಮುಗಿದ ಮೇಲೆ ನಾವಿಬ್ಬರೂ ಕಂಪ್ಯೂಟರಿನಲ್ಲಿ ಒಂದು ಮಾಯಾಲೋಕದ ಆಟವಾಡುತ್ತಿದ್ದೆವು. ನಮ್ಮ ವೀರನಿಗೆ, ಬೇಕೆನಿಸಿದರೆ, ಒಂದು ವಿಶೇಷ ಶಕ್ತಿಯನ್ನು ಆರಿಸಬಹುದಿತ್ತು. ಆರಿಸಿದ ಮೇಲೆ ಬದಲಿಸುವಂತಿರಲಿಲ್ಲ; ಆರಿಸುವ ತನಕ ಆ ಅವಕಾಶ ಪರದೆಯ ಮೂಲೆಯಲ್ಲಿ ಮಿನುಗುತ್ತಿತ್ತು. ನಾನು ಒತ್ತಾಯಿಸಿದಾಗಲೆಲ್ಲ ಅವರು, "ಇರ್ಲಿ ಬುಡ್ಲಾ, ಮುಂದಕ್ಕೆ ಬೇಕಾಯ್ತದೆ" ಎನ್ನುತ್ತಿದ್ದರು.

ಎರಡು ತಿಂಗಳ ತರುವಾಯ ಬೆಂಕಿಯುಗುಳುವ ಸರ್ಪ ಎದುರಾಯಿತು.

"ಈಗ್ಲಾದ್ರೂ ತಕಳಣ್ಣೋ, ಸಾಯ್ತಾವ್ನೆ!" ಎಂದು ಕೂಗಿದೆ.

ಅವರು ಕೀಲಿಯನ್ನು ಊದಿದರು. ಅಷ್ಟರಲ್ಲಿ ವೀರ ಸತ್ತನು. ಇನ್ನು ಮೊದಲಿನಿಂದಲೇ ಆಡಬೇಕಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅವರು ಪರದೆಯ ಮೂಲೆಯನ್ನು ತೋರಿಸಿ ಸಮಾಧಾನದಿಂದ ಹೇಳಿದರು:

"ನೋಡ್ಲಾ, ಆ ಶಕ್ತಿ ಇನ್ನೂ ಅಂಗೇ ಅದೆ."