ದೊಡ್ಡಮ್ಮನ ಗೆರೆಯಿಲ್ಲದ ನೆಲ

ನಮ್ಮ ದೊಡ್ಡಮ್ಮನಿಗೆ ನಾವು ಇಟ್ಟ ಹೆಸರು ಇನ್‌ಸ್ಪೆಕ್ಟರ್. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ. ಬೆನ್ನ ಹಿಂದೆ ಕರೆಯುವುದು ಅವಳಿಗೂ ಗೊತ್ತು, ಒಳಗೊಳಗೇ ಖುಷಿಯೂ ಇದೆ. ಅವಳು ನನ್ನ ಅಮ್ಮನ ಅಕ್ಕ. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ರಕ್ತವೋ ಔಷಧಿಯೋ, ಎಂಥ ಕಲೆ ಬಂದರೂ ಹಾಸಿಗೆಯ ಬಟ್ಟೆ ಬೆಳ್ಳಗಾಗಿಯೇ ವಾರ್ಡಿಗೆ ಹೋಗಬೇಕೆಂಬ ಹಟದಲ್ಲಿ ಆಯುಷ್ಯ ಸವೆಸಿದಳು. ಅಂಥವಳ ಮನೆಗೆ ಹೋದರೆ ನಾವು ಕುರ್ಚಿಯ ಅಂಚಿನಲ್ಲಿ ಕೂರುತ್ತೇವೆ. ಬಿಸ್ಕತ್ತು ಕೊಟ್ಟರೆ ಗದ್ದದ ಕೆಳಗೆ ಅಂಗೈ ಹಿಡಿದುಕೊಂಡು ತಿನ್ನುತ್ತೇವೆ.

ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಯಾರೋ ಬಿಸಾಕಿದ ಕಾಲುಚೀಲ ನಾನ್ಯಾಕೆ ಹೆಕ್ಕಲಿ?" ಎನ್ನುತ್ತಿದ್ದಳು. ಬಾಯಿ ಹೀಗಿದ್ದರೂ ಮಾವನ ವಿಷಯ ಬಂದಾಗ ಅವಳು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಮಾವ ಎಂದರೆ ಅವಳ ತಮ್ಮ, ಲಾರಿ ಓಡಿಸುತ್ತಿದ್ದವನು, ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದವನು. ಲೋಡಿನ ಮೇಲೆ ಹತ್ತಿ ಹಗ್ಗ ಬಿಗಿಯುವಾಗ ಕೆಳಗೆ ಬಿದ್ದ. ಸೊಂಟದಿಂದ ಕೆಳಗೆ ಬಲ ಹೋಯಿತು. ಮುಂದೆ ಯಾರ ಮನೆ, ಯಾರ ಜವಾಬ್ದಾರಿ ಎಂದು ನಾವೆಲ್ಲ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ದೊಡ್ಡಮ್ಮ ಅವನ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡಾಗಿತ್ತು.

ಅವಳ ಮನೆಯ ಹಳೆಯ ನೆಲ ಅಲ್ಲಲ್ಲಿ ಎದ್ದಿತ್ತು, ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ಬಿರುಕಿಗೆ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಅದನ್ನು ಸಮ ಮಾಡಿಸಿ ಮೇಲೆ ಲ್ಯಾಮಿನೇಟ್ ಹಲಗೆ ಹಾಸಿಸಿದಳು. ಹಾಸಿದವನು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದ: "ನೀರು ಸುರೀಬೇಡಿ ಅಮ್ಮ. ನೋಡೋಕೆ ಮರ, ಒಳಗಡೆ ಒತ್ತಿದ ಮರದ ಪುಡಿ. ಸಂದಿಗೆ ನೀರು ಇಳಿದ್ರೆ ಊದ್ಕೊಳ್ಳುತ್ತೆ." ದೊಡ್ಡಮ್ಮನಿಗೆ ಸ್ವಚ್ಛತೆಯ ಪಾಠ ಹೇಳುವುದೇ? ಮರುದಿನವೇ ಒಂದು ಬಕೆಟ್ ನೀರು, ಅದಕ್ಕೊಂದು ಹಿಡಿ ಸೋಪಿನ ಪುಡಿ. ನೆಲ ಒಣಗಿದಾಗ ಬಿಳಿ ಬಿಳಿ ಗೆರೆ. ಗೆರೆ ಹೋಗಲೆಂದು ಇನ್ನೊಂದು ಬಕೆಟ್. ವಾರ ಕಳೆಯುವುದರೊಳಗೆ ಅಡುಗೆಮನೆಯ ಬಾಗಿಲ ಬಳಿ ಎರಡು ಹಲಗೆಗಳ ಅಂಚು ಉಬ್ಬಿ ನಿಂತಿತು. ಅವಳು ಸತ್ತರೂ ತಪ್ಪು ಒಪ್ಪುವವಳಲ್ಲ, ಹಲಗೆಯನ್ನೇ ಬೈದಳು. ಆದರೆ ಬಕೆಟ್ ಮತ್ತೆ ಹಾಲ್‌ಗೆ ಬರಲಿಲ್ಲ.

ಆಮೇಲೆ ಅವಳು ಕಲಿತದ್ದನ್ನು ನೋಡಬೇಕಿತ್ತು. ಮೊದಲು ಮೆತ್ತನೆಯ ಪೊರಕೆಯಲ್ಲಿ ಒಂದು ಹರಳೂ ಉಳಿಯದಂತೆ ಗುಡಿಸುವುದು, ಹರಳು ಉಳಿದರೆ ಒರೆಸುವಾಗ ಗೀರು ಬೀಳುತ್ತದೆ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ, ಹೆಚ್ಚಾದರೆ ಅದೇ ಗೆರೆಯಾಗುತ್ತದೆ. ಬಟ್ಟೆಯನ್ನು ಇನ್ನು ಹನಿ ಬೀಳದು ಎನ್ನುವವರೆಗೆ ಹಿಂಡುವುದು. ಹಲಗೆ ಯಾವ ಕಡೆ ಉದ್ದವೋ ಆ ಕಡೆಗೇ ಒರೆಸಿ, ಹಿಂದೆಯೇ ಒಣ ಬಟ್ಟೆ. ಸಂಜೆಯ ಬಿಸಿಲು ಕಿಟಕಿಯಿಂದ ಅಡ್ಡ ಬಿದ್ದಾಗ ಬಗ್ಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೆರೆ ಹುಡುಕುತ್ತಿದ್ದಳು. ಸಿಕ್ಕಿದ್ದು ಮಾವನ ಚಕ್ರದ ಕಪ್ಪು ಗೆರೆ.

ರಬ್ಬರಿನ ಚಕ್ರ ಗಕ್ಕನೆ ತಿರುಗಿದಾಗ ಬೀಳುವ ಗೆರೆ ಅದು. ಒದ್ದೆ ಬಟ್ಟೆಗೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆಂದು ಅವಳೇ ಕಂಡುಹಿಡಿದಳು. ಮಾವ ಕಿಟಕಿಯತ್ತ ಹೋದ, ಇವಳು ಮಂಡಿಯೂರಿದಳು. ಅವನು ಅಡುಗೆಮನೆಗೆ ಬಂದು ಚಹಾ ಕೇಳಿದ, ಇವಳು ಚಹಾ ಕೊಟ್ಟು ಮಂಡಿಯೂರಿದಳು. ಬೈಯುತ್ತಿರಲಿಲ್ಲ, ಅದೊಂದು ಪುಣ್ಯ. "ನೀನು ಓಡಾಡು, ನನ್ನ ಕೆಲಸ ನಂದು" ಎನ್ನುತ್ತಿದ್ದಳು. ಆದರೆ ಅವಳ ಮಂಡಿ ಆಸ್ಪತ್ರೆಯ ಕೆಲಸದಲ್ಲೇ ಸವೆದಿತ್ತು, ಏಳುವಾಗಲೆಲ್ಲ ಲಟಕ್ಕೆನ್ನುತ್ತಿತ್ತು.

ಮಾವನಿಗೆ ವ್ಯಾಯಾಮ ಮಾಡಿಸಲು ತಿಂಗಳಿಗೊಮ್ಮೆ ಬರುವವನು ಮೊದಲ ದಿನವೇ ಎಚ್ಚರಿಸಿದ್ದ. ಕುರ್ಚಿಯನ್ನು ಮಾವನೇ ತಳ್ಳಿಕೊಂಡು ಮನೆಯೆಲ್ಲ ಸುತ್ತಬೇಕು. ಭುಜ ಗಟ್ಟಿಯಿದ್ದರೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ತಾನೇ ದಾಟಿಕೊಳ್ಳಬಹುದು. ಭುಜ ಬಿಗಿದುಕೊಂಡರೆ ಅದೂ ಇಲ್ಲ, ಜೀವಮಾನವಿಡೀ ಯಾರಾದರೂ ಎತ್ತಿ ಕೂರಿಸಬೇಕು. ಸ್ವಂತ ಕೈಯಲ್ಲಿ ಲಾರಿ ತಿರುಗಿಸಿದವನಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇರೆ ಬೇಕಿರಲಿಲ್ಲ.

ನಾನು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಒಂದು ಭಾನುವಾರ ದೊಡ್ಡಮ್ಮ ಬಾಗಿಲಲ್ಲೇ ನನ್ನನ್ನು ತಡೆದು, "ನೋಡು, ಒಂದು ಗೆರೆ ಹುಡುಕು ನೋಡೋಣ" ಎಂದಳು. ನಿಜವಾಗಿಯೂ ಇರಲಿಲ್ಲ. ನೆಲ ಮಿರಮಿರ ಮಿಂಚುತ್ತಿತ್ತು. ಹೊಗಳದಿದ್ದರೆ ಚಹಾ ಸಿಗುವುದಿಲ್ಲವೆಂದು ಹೊಗಳಿದೆ. ಮಾವ ಮಂಚದ ಪಕ್ಕದ ಮೂಲೆಯಲ್ಲಿ ಕುಳಿತು ಗೋಡೆಯತ್ತ ನೋಡುತ್ತಿದ್ದ.

ಅಷ್ಟರಲ್ಲಿ ವ್ಯಾಯಾಮದವನು ಬಂದ. ಮಾವನ ತೋಳನ್ನು ಮೇಲೆತ್ತಿದ. ಅದು ಅರ್ಧಕ್ಕೇ ನಿಂತಿತು, ಮಾವ ಹಲ್ಲು ಕಚ್ಚಿಕೊಂಡ.

"ಏನ್ ಇದು? ಹೋದ ತಿಂಗಳು ಪೂರ್ತಿ ಏಳ್ತಿತ್ತಲ್ಲ. ಓಡಾಡ್ತಿಲ್ವಾ ಇವರು?"

"ಯಾಕಿಲ್ಲ, ದಿನವಿಡೀ ಓಡಾಡ್ತಾನೆ" ಎಂದು ದೊಡ್ಡಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು. ಹೇಳಿ, ನೆಲ ನೋಡಿದಳು. ಕಿಟಕಿಯ ತನಕ ನೋಡಿದಳು, ಅಡುಗೆಮನೆಯ ತನಕ ನೋಡಿದಳು. ಒಂದೂ ಗೆರೆಯಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ನನಗೂ ಆಗಲೇ ಹೊಳೆದದ್ದು, ಚಕ್ರ ಉರುಳಿದ್ದರೆ ತಾನೇ ಗೆರೆ ಇರುವುದು.

ವ್ಯಾಯಾಮದವನು ಹೋದ ಮೇಲೆ ಅವಳು ಮಾವನ ಎದುರು ನಿಂತಳು. "ಎಷ್ಟು ದಿನ ಆಯ್ತೋ ನೀನು ಕಿಟಕಿ ಹತ್ರ ಹೋಗಿ?"

"ಹೋಗಿ ಏನ್ ನೋಡೋದಿದೆ ಬಿಡು."

"ಸುಳ್ಳು ಹೇಳಬೇಡ ನನ್ನ ಹತ್ರ."

ಮಾವ ತನ್ನ ಅಂಗೈಗಳನ್ನು ನೋಡಿಕೊಂಡ. "ನಾನೊಂದು ಸುತ್ತು ಹೋದ್ರೆ ನೀನು ಮಂಡಿ ಊರಬೇಕು ಅಕ್ಕ. ಆ ಲಟಕ್ ಅನ್ನೋದು ಇಲ್ಲಿಗೆ ಕೇಳುತ್ತೆ. ಒಂದು ಕಡೆ ಕೂತಿದ್ರೆ ಇಬ್ಬರಿಗೂ ಆರಾಮ ಅಲ್ವಾ?"

ನನಗೆ ಇಬ್ಬರ ಮೇಲೂ ಕೋಪ ಬಂತು, ಇಬ್ಬರನ್ನೂ ತಬ್ಬಿಕೊಳ್ಳಬೇಕು ಅನ್ನಿಸಿತು. ಒಬ್ಬಳು ಪ್ರೀತಿಯಿಂದ ಉಜ್ಜಿ ಉಜ್ಜಿ ತಮ್ಮನನ್ನು ಮೂಲೆಗೆ ತಳ್ಳಿದಳು, ಇನ್ನೊಬ್ಬ ಪ್ರೀತಿಯಿಂದಲೇ ಆ ಮೂಲೆಯಲ್ಲಿ ಕೊಳೆಯಲು ಕೂತ.

ದೊಡ್ಡಮ್ಮ ಸರಸರನೆ ಅಡುಗೆಮನೆಗೆ ಹೋಗಿ ನೆಲ ಒರೆಸುವ ಅಗಲ ಪಟ್ಟಿಯ ಮಾಪು ತಂದು ಮಾವನ ತೊಡೆಯ ಮೇಲೆ ಇಟ್ಟಳು. "ನನ್ನ ಮಂಡಿ ಮೇಲೆ ಅಷ್ಟೊಂದು ಕರುಣೆ ಇದ್ರೆ ನೀನೇ ಒರೆಸು. ಇವತ್ತಿಂದ ನೆಲ ನಿಂದು." ಸಿಟ್ಟಿನಲ್ಲಿ ಅಂದಳೋ ಯೋಚಿಸಿಯೇ ಅಂದಳೋ, ಇವತ್ತಿಗೂ ಗೊತ್ತಾಗಿಲ್ಲ.

ಮಾವನ ಮೊದಲ ಪ್ರಯತ್ನ ದೇವರಿಗೇ ಪ್ರೀತಿ. ಮಾಪನ್ನು ಸರಿಯಾಗಿ ಹಿಂಡಿರಲಿಲ್ಲ. ಅದೂ ಸಾಲದೆಂದು ಮುಂದೆ ಮುಂದೆ ಒರೆಸಿಕೊಂಡು ಹೋದ, ಒರೆಸಿದ ಒದ್ದೆಯ ಮೇಲೆ ಅವನದೇ ಚಕ್ರ ಹರಿಯಿತು. ಹಾಲ್ ತುಂಬ ಕೆಸರಿನ ಬಣ್ಣದ ಜೋಡಿ ಗೆರೆ. ದೊಡ್ಡಮ್ಮ ಎರಡು ಕೈಗಳನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕುಳಿತಿದ್ದಳು. ಹಲಗೆಯ ಸಂದಿಯಲ್ಲಿ ನಿಂತ ನೀರನ್ನು ಮಾತ್ರ ಎದ್ದು ಒಣಬಟ್ಟೆಯಲ್ಲಿ ಹೀರಿಸಿದಳು. ಗೆರೆಗಳನ್ನು ಮುಟ್ಟಲಿಲ್ಲ. "ಗೆರೆಯಿಂದ ಹಲಗೆ ಸಾಯಲ್ಲ" ಎಂದಳು. ಆ ಮಾತು ಹೇಳಲು ಅವಳಿಗೆಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ಮುಂದಿನ ಭಾನುವಾರ ಹೋದರೆ ದೊಡ್ಡಮ್ಮ ಹಾಲ್‌ನ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು: "ಬಾ, ಬಾ, ಬಾ, ಎಡಕ್ಕೆ, ಬರಲಿ, ನಿಲ್ಸು!" ಮಾವ ಚಕ್ರಗಳನ್ನು ಮೊದಲೇ ಒರೆಸಿಕೊಂಡು, ದೂರದ ಗೋಡೆಯಿಂದ ಹಿಡಿದು ಮಾಪು ಮುಂದಿಟ್ಟುಕೊಂಡು ಕುರ್ಚಿಯನ್ನು ರಿವರ್ಸ್ ತೆಗೆಯುತ್ತಿದ್ದ. ಒರೆಸಿದ ಜಾಗ ಅವನ ಮುಂದೆ ಉಳಿಯಿತು, ಚಕ್ರ ಒಣನೆಲದ ಮೇಲೇ ಹಿಂದೆ ಸರಿಯಿತು. ಎಂಥೆಂಥ ಇಕ್ಕಟ್ಟಿನ ಗೋದಾಮಿಗೆ ಲಾರಿ ಹಿಂದೆ ತೆಗೆದವನಿಗೆ ಹದಿನೈದು ಅಡಿಯ ಹಾಲ್ ಯಾವ ಲೆಕ್ಕ! ಆದರೂ ಮೂಲೆಗಳಲ್ಲಿ ಗೆರೆ ಉಳಿಯುತ್ತಿತ್ತು. ದೊಡ್ಡಮ್ಮ ಅವನ್ನು ಕಂಡೂ ಕಾಣದಂತೆ ಇರುವುದನ್ನು ಕಷ್ಟಪಟ್ಟು ಕಲಿಯುತ್ತಿದ್ದಳು. ಮುಂದಿನ ತಿಂಗಳು ಬಂದ ವ್ಯಾಯಾಮದವನು ಮಾವನ ತೋಳು ಎತ್ತಿ ನೋಡಿ, ಸ್ವಲ್ಪ ಸಡಿಲವಾಗಿದೆ ಎಂದ.

ನಾನು ಹೇಳಬೇಕೆಂದಿದ್ದದ್ದು ಮೊನ್ನೆ ನಡೆದದ್ದು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ದೊಡ್ಡಮ್ಮ ಮುಖ ತೊಳೆದು ಬಚ್ಚಲಿನಿಂದ ಹೊರಗೆ ಕಾಲಿಟ್ಟಳು. ಹಾಲ್‌ನಿಂದ ಒಂದು ಗದರಿಕೆ ಬಂತು. ಲಾರಿ ನಿಲ್ದಾಣದ ಆ ತುದಿಯಿಂದ ಈ ತುದಿಗೆ ಕೇಳುತ್ತಿದ್ದ ಗಂಟಲು ಅದು, ಬಿದ್ದ ದಿನದಿಂದ ನಾವು ಯಾರೂ ಕೇಳಿರಲಿಲ್ಲ.

"ಅಕ್ಕಾ! ಅಲ್ಲೇ ನಿಂತ್ಕೋ! ಒದ್ದೆ ಕಾಲಲ್ಲಿ ಎಲ್ಲಿಗೆ ಬರ್ತಿದ್ದೀಯ? ಈಗಷ್ಟೇ ಒರೆಸಿದ್ದೀನಿ, ಕಣ್ಣು ಕಾಣಲ್ವಾ?"

ಯಾರಿಗೂ ಬಗ್ಗದ ನಮ್ಮ ಇನ್‌ಸ್ಪೆಕ್ಟರ್ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಬಚ್ಚಲ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಮುಖದ ನೀರು ಒರೆಸಿಕೊಳ್ಳಲಿಲ್ಲ, ಅದರೊಳಗೆ ಕಣ್ಣೀರು ಎಷ್ಟಿತ್ತೋ ಯಾರಿಗೂ ತಿಳಿಯುತ್ತಿರಲಿಲ್ಲ. "ಆಯ್ತು ಮಾರಾಯ, ಬೈಬೇಡ" ಎಂದಳು, "ಒಣಗಿದ ಮೇಲೆ ಹೇಳು, ಬರ್ತೀನಿ."