ಟಿಕ್ ಎನ್ನದ ಬೇಲಿ

ನರಸಿಂಹರಾಜಪುರದ ನಮ್ಮ ಬಡಾವಣೆಯಲ್ಲಿ ಕಳ್ಳತನ ಹೆಚ್ಚಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಆದರೆ ನಡೆದದ್ದು ಖಚಿತ ಎನ್ನಬಹುದಾದ ಕಳ್ಳತನ ಒಂದೇ. ಮೂಲೆ ಮನೆಯವರು ತಾರಸಿಯಲ್ಲಿ ಒಣಗಲು ಹರಡಿದ್ದ ಅಡಿಕೆಯಲ್ಲಿ ಒಂದು ಚೀಲದಷ್ಟು ಹೋಗಿತ್ತು. ಹಾಲಿನ ಡೈರಿಯ ಮುಂದೆ ಅದು ಎರಡು ಮನೆಯ ಕಳ್ಳತನವಾಯಿತು. ಕ್ಷೌರದಂಗಡಿಗೆ ಬರುವಷ್ಟರಲ್ಲಿ ಯಾರದೋ ಸರವೂ ಹೋಗಿತ್ತು. ಕೊಪ್ಪದಿಂದ ಬಂದ ನೆಂಟರು ಚಪ್ಪಲಿ ಬಿಡುವ ಮೊದಲೇ, "ನಿಮ್ ಕಡೆ ದೊಡ್ಡ ಗ್ಯಾಂಗೇ ಇದ್ಯಂತಲ್ಲ ಮಾರಾಯ" ಎಂದರು.

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವನು. ಸುದ್ದಿ ಹೇಗೆ ಉಬ್ಬುತ್ತದೆ ಎನ್ನುವುದು ನನ್ನ ಪಾಠದಲ್ಲೇ ಬರುತ್ತದೆ. ಆದರೂ ಅಡಿಕೆ ಹೋದ ಆ ಸಂಜೆ ತಾರಸಿಯ ಮೇಲೆ ಹೆಜ್ಜೆ ಸದ್ದು ಕೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಹಾಗೆಂದು ನಾಲ್ಕಾರು ಜನರಿಗೆ ಹೇಳಿಯೂ ಇದ್ದೆ. ಒಂದು ದಿನ ಹೆಂಡತಿ, "ಅವತ್ತು ನಾವು ಶೃಂಗೇರಿಯಲ್ಲಿ ಮದುವೆ ಮನೆಯಲ್ಲಿ ಇದ್ದೆವು" ಎಂದಳು. ಇದ್ದೆವು, ನಿಜ. ಹೆಜ್ಜೆ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ.

ನಮ್ಮ ಎದುರು ಮನೆಯವರು ಭಂಡಿಗಡಿಯ ತೋಟ ಮಾರಿ ಪೇಟೆಗೆ ಬಂದವರು. ಒಳ್ಳೆಯ ಮನುಷ್ಯ. ನನ್ನ ಅಮ್ಮ ಜಾರಿ ಬಿದ್ದಾಗ ಆಸ್ಪತ್ರೆಗೆ ಕಾರು ಓಡಿಸಿದವರು ಅವರೇ. ಕಳ್ಳತನದ ನಂತರ ಗೇಟಿನ ಕಂಬಕ್ಕೆ ಕ್ಯಾಮೆರಾ ಹಾಕಿಸಿದರು. ಕೆಲವೇ ದಿನಗಳಲ್ಲಿ ಬಡಾವಣೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಬೆಳಕು ಹರಿಯುವ ಮೊದಲಿನ ಮಸುಕಿನಲ್ಲಿ, ತಲೆಗೆ ಬಟ್ಟೆ ಸುತ್ತಿಕೊಂಡ ಯಾರೋ ಕಾಂಪೌಂಡಿಗೆ ಒರಗಿ ಬಗ್ಗಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು.

ನೋಡಿದೊಡನೆ ಅಮ್ಮ ಎನಿಸಿತು. ಪೂಜೆಗೆ ಹೂ ಕೊಯ್ಯಲು ಅಮ್ಮ ಊರು ಏಳುವ ಮೊದಲೇ ಹೊರಡುತ್ತಾಳೆ. ನಮ್ಮ ಅಂಗಳದ ಹೂವು ಅವಳಿಗೆ ಸಾಲದು. ಯಾರ ಬೇಲಿಯಿಂದ ಕೊಂಬೆ ರಸ್ತೆಗೆ ಬಾಗಿದೆಯೋ ಆ ಗಿಡವೆಲ್ಲ ಅವಳದೇ, ಎದುರು ಮನೆಯ ದಾಸವಾಳವೂ. ನಮ್ಮಲ್ಲಿ ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಗಿಡದ ಯಜಮಾನ ಕಿಟಕಿಯಿಂದ ನೋಡಿದರೂ ನೋಡದವನಂತೆ ಇರುವುದು ರೂಢಿ.

ಫೋಟೋ ತೋರಿಸಿದರೆ ಅಮ್ಮ ಮುಖ ತಿರುಗಿಸಿದಳು. "ಎಂತ ಮಾಣಿ, ಹೆತ್ತವಳ ಗುರ್ತ ಸಿಕ್ಕದಿಲ್ಯಾ ನಿಂಗೆ? ಇದು ಯಾವ್ದೋ ಗಂಡಸು."

ಕಳ್ಳ ಎಂದು ಊರೆಲ್ಲ ಕರೆದ ಮೇಲೆ ನಾಚಿಕೆಗೆ ಹಾಗೆಂದಳೋ, ನಿಜವಾಗಿಯೂ ಅವಳಲ್ಲವೋ. ಮತ್ತೆ ನೋಡಿದಾಗ ನನಗೂ ಗಂಡಸಿನಂತೆಯೇ ಕಂಡಿತು.

ಎದುರು ಮನೆಯವರು ಆ ವಾರವೇ ಕಾಂಪೌಂಡಿನ ಮೇಲೆ ತೋಟದಲ್ಲಿ ಹಂದಿಗೆ ಹಾಕುವ ಸೋಲಾರ್ ಬೇಲಿ ಎಳೆಸಿದರು. ಗೇಟಿನ ಮೇಲೂ ಒಂದು ಎಳೆ ಹೋಯಿತು. ಅದರ ಪೆಟ್ಟಿಗೆ ಟಿಕ್, ಟಿಕ್ ಎನ್ನುತ್ತಿರುತ್ತದೆ. ಮುಟ್ಟಿದರೆ ಕೈ ಜುಂ ಎಂದು ಹಿಂದಕ್ಕೆ ಬರುತ್ತದೆ, ಅಷ್ಟೇ, ಸಾಯುವುದಿಲ್ಲ. ಸಂಜೆ ಹೊತ್ತು ಜಗಲಿಯಲ್ಲಿ ಕೂತರೆ ಆ ಸದ್ದು ನಮಗೂ ಕೇಳುತ್ತಿತ್ತು. ಒಂದು ಸಂಜೆ ಕೇಳಲಿಲ್ಲ.

"ಬ್ಯಾಟರಿ ಹೋಯ್ತಾ?" ಎಂದು ರಸ್ತೆ ದಾಟಿ ಕೇಳಿದೆ.

"ಇಲ್ಲ ಮಾರಾಯ್ರೆ. ಹಂದಿ ಟಿಕ್ ಅನ್ನೂದು ಕೇಳಿ ಕೇಳಿ ಹುಷಾರಾಗ್ತದೆ. ಕಳ್ಳಂಗೆ ಅಷ್ಟೂ ಬುದ್ಧಿ ಇರೂದಿಲ್ವಾ?" ಅವರು ನಕ್ಕರು. "ಪೆಟ್ಟಿಗೆ ಬಿಚ್ಚಿಟ್ಟು ಮನೆ ಲೈನಿಂದಲೇ ಒಂದು ಎಳೆ ಕೊಟ್ಟಿದೀನಿ. ಬೆಳಕು ಹರಿದ ಮೇಲೆ ತೆಗೀತೀನಿ."

"ಜನ ಸಾಯ್ತಾರೆ."

"ಜನ ಯಾಕೆ ಬರ್ತಾರೆ ಆ ಹೊತ್ತಲ್ಲಿ? ತೋಟದಲ್ಲಿ ಎಷ್ಟು ವರ್ಷ ಹಾಕಿದೀನಿ, ನಂಗೆ ಗೊತ್ತಿಲ್ವಾ?"

ಅಮ್ಮನ ಹೂವಿನ ಸಂಗತಿ ಹೇಳಿದೆ. "ನಿಮ್ಮಮ್ಮ ನಮ್ ಮನೇದು ಕೊಯ್ಯೂದು ಬಿಟ್ಟು ತಿಂಗಳಾಯ್ತು. ನಾನೇ ಕೇಳ್ದಾಗ ಅವರೇ ಹೇಳಿದ್ರು" ಎಂದರು.

ಮರುದಿನ ವಿದ್ಯುತ್ ಕಚೇರಿಗೆ ದೂರು ಕೊಟ್ಟೆ. ಲೈನ್‌ಮನ್ ಬಂದದ್ದು ಮಧ್ಯಾಹ್ನ. ತಂತಿ ಸೋಲಾರ್ ಪೆಟ್ಟಿಗೆಗೇ ಜೋಡಿಸಿತ್ತು, ಪೆಟ್ಟಿಗೆ ಟಿಕ್ ಎನ್ನುತ್ತಲೂ ಇತ್ತು. ಎದುರು ಮನೆಯವರು ಅವನಿಗೆ ಕಾಫಿ ಕೊಟ್ಟರು. "ತಮಾಷೆಗೆ ಹೇಳಿದ್ದು. ಮೇಷ್ಟ್ರು ಹೆದರ್ಕೊಂಡ್ರು" ಎಂದರು. ಅವರು ನಕ್ಕದ್ದು ನನಗೆ ನೆನಪಿತ್ತು. ಯಾವ ಮಾತಿಗೆ ನಕ್ಕರು ಎನ್ನುವುದು ನೆನಪಿರಲಿಲ್ಲ. ಲೈನ್‌ಮನ್ ಕೇಳಿದ, "ಸರ್, ನೀವು ಕಣ್ಣಾರೆ ನೋಡಿದ್ರಾ?" ನೋಡಿರಲಿಲ್ಲ. ಕೇಳದೆ ಇದ್ದ ಒಂದು ಸದ್ದಿನ ಮೇಲೆ ದೂರು ಕೊಟ್ಟಿದ್ದೆ.

ಆ ಸಂಜೆ ಟಿಕ್ ಮತ್ತೆ ನಿಂತಿತು. ಫೋನ್ ಮಾಡಿದರೆ ಕಚೇರಿಯವರು ನಾಳೆ ಬರುತ್ತೇವೆ ಎಂದರು. ಗುಂಪಿನಲ್ಲಿ, ಆ ಬೇಲಿ ಯಾರೂ ಮುಟ್ಟಬೇಡಿ ಎಂದು ಬರೆದೆ. "ಕಳ್ಳ ಅಲ್ದಿದ್ರೆ ಭಯ ಎಂತಕ್ಕೆ ಮೇಷ್ಟ್ರೇ?" ಎಂದು ಮೂಲೆ ಮನೆಯಿಂದ ಉತ್ತರ ಬಂತು. ಅದಕ್ಕೆ ಹೆಬ್ಬೆರಳುಗಳು ಬಿದ್ದವು.

ನಾನು ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದೆ. ಈ ಮನೆಗೆ ಬಂದ ಮೇಲೆ ಮೊದಲ ಸಲ. "ಬೇಲಿಯಲ್ಲಿ ಮನೆಯ ಕರೆಂಟು ಇದೆ, ಹೋಗಬೇಡ" ಎಂದು ಅಮ್ಮನಿಗೆ ಹೇಳಿದೆ. ಅಮ್ಮ, "ನಾ ಆ ಬದಿಗೇ ಹೋಗ್ತಿಲ್ಲೆ" ಎಂದಳು.

ಎಚ್ಚರವಾದಾಗ ಕಿಟಕಿಯಲ್ಲಿ ಬೂದು ಬೆಳಕು. ಬಾಗಿಲು ತೆರೆದಿತ್ತು, ಬೀಗ ಮೊಳೆಯಲ್ಲಿ ನೇತಾಡುತ್ತಿತ್ತು. ಬೀಗ ಹಾಕಿದ್ದೆನೇ? ಕೀಲಿಯ ತಣ್ಣಗಿನ ಸ್ಪರ್ಶ ಬೆರಳಲ್ಲಿತ್ತು. ಹೆಜ್ಜೆ ಸದ್ದೂ ಹೀಗೆಯೇ ಕಿವಿಯಲ್ಲಿತ್ತಲ್ಲ. ಅಂಗಳಕ್ಕೆ ಓಡಿದೆ.

ಅಮ್ಮ ಗೇಟು ಸರಿಸಿ ಒಳಗೆ ಬರುತ್ತಿದ್ದಳು. ತಲೆಗೆ ಸುತ್ತಿದ್ದ ಟವೆಲ್ ಇಬ್ಬನಿಗೆ ಒದ್ದೆಯಾಗಿತ್ತು. ಕವರಿನ ತುಂಬ ಕೆಂಪು ದಾಸವಾಳ.

"ಯಾರ ಮನೇದು?"

"ದೇವರಿಗೆ ಕೊಯ್ವಾಗ ಯಾರ ಮನೇದು ಅಂತ ಕೇಳೂದಾ?"

ನನ್ನ ಫೋನು ಸದ್ದು ಮಾಡಿತು. ಗುಂಪಿನಲ್ಲಿ ಹೊಸ ಫೋಟೋ. ತಲೆಗೆ ಬಟ್ಟೆ ಸುತ್ತಿದ ಆಕೃತಿ, ಈ ಸಲ ಇನ್ನೂ ಹತ್ತಿರದಿಂದ. ಕೈ ತಂತಿಯ ಮೇಲಿನಿಂದ ಕೊಂಬೆಯತ್ತ ಚಾಚಿತ್ತು. ತೋಳಿಗೂ ತಂತಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಕೆಳಗೆ ಎದುರು ಮನೆಯವರು ಬರೆದಿದ್ದರು: ಇವತ್ತು ತಪ್ಪಿಸಿಕೊಂಡ. ನಾಳೆ ಇನ್ನೊಂದು ಎಳೆ ಮೇಲೆ ಹಾಕುತ್ತೇನೆ.

ಅಮ್ಮ ಟವೆಲ್ ಬಿಚ್ಚಿ ಹಿಂಡುತ್ತಿದ್ದಳು. "ಬಿಚ್ಚಬೇಡ, ಹಾಗೇ ಸುತ್ತಿಕೋ" ಎಂದೆ. ಅವಳ ಕೈ ಹಿಡಿದುಕೊಂಡು ರಸ್ತೆ ದಾಟಿದೆ. "ನಾನಲ್ಲ ಮಾಣಿ, ನಾನಲ್ಲ" ಎನ್ನುತ್ತಲೇ ಬಂದಳು.

ಅವರ ಗೇಟಿನ ಮುಂದೆ ನಿಂತು ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಅಗುಳಿಯತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಮ್ಮನನ್ನು ಕ್ಯಾಮೆರಾದ ಕೆಳಗೆ, ಮುಖ ಕಾಣುವ ಹಾಗೆ ನಿಲ್ಲಿಸಿ, ರಸ್ತೆಯಿಂದಲೇ ಅವರನ್ನು ಕೂಗತೊಡಗಿದೆ.